ಸೀಮೆಯ ಚಿತ್ರಕ್ಕೆ ಸಾಕ್ಷಿ ಯಾರು?

ಮಸ್ಕಿ ಎಂದೊಡನೆ ವಿದ್ಯಾವಂತರಿಗೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು ಇದನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು; ಮಸ್ಕಿಯ ಬಂಡೆಯ ಮೇಲೆ ಅಶೋಕನೆಂಬ ಹೆಸರೇ ಕಾಣಿಸಿತು. ಭಾರತದ ಇತಿಹಾಸವನ್ನು ಕುರಿತು ಸಾಕ್ಷ್ಯಚಿತ್ರ ತೆಗೆಯುವವರು ಈ ಬಂಡೆಯನ್ನು ಹುಡುಕಿಕೊಂಡು ಬಂದರೆ ಅದು ಸಹಜವೇ. ಆದರೆ ಬಂಡೆಯೊಂದನ್ನೇ ಚಿತ್ರಿಸಿಕೊಂಡು ಮರಳಿದರೆ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಚರಿತ್ರೆಯನ್ನು ಹೇಳಿದಂತಾಗುವುದಿಲ್ಲ. ಗೊರೇಬಾಳದಂಥ ಹಳ್ಳಿಯ ಚರಿತ್ರೆಯ ಬಹುಭಾಗವು ಅಲ್ಲಿನ ವೃದ್ಧರ ನಾಲಗೆಯ ಮೇಲಿದೆ. ಹಿರಿಯರಷ್ಟೇ ಅಲ್ಲ, ಕಿರಿಯರೂ ಸಾಧಿಸಬಲ್ಲರೆಂದು ಸಾರುವ ಶಾಸನದ ನೆರೆಯಲ್ಲೇ ಕಿರಿಯರ ಮಾತು ದಾಖಲಾಗದೆ ಉಳಿದರೆ ಅದು ವಿಪರ್ಯಾಸವಲ್ಲವೇ?

‘ಸಾಕ್ಷ್ಯಚಿತ್ರ’ವೆಂಬ ಹೆಸರಿನಲ್ಲಿಯೇ ಒಂದು ಹೊಣೆಯಿದೆ. ಸಾಕ್ಷಿಯಾದವನು ಕಂಡದ್ದನ್ನು ಹೇಳಬೇಕು. ಈ ಬಗೆಯ ಚಿತ್ರಗಳ ಆದಿಯಲ್ಲಿ ನಿಲ್ಲುವ ‘ನಾನೂಕ್ ಆಫ್ ದಿ ನಾರ್ತ್’ 1922ರಲ್ಲಿ ತೆರೆಕಂಡಿತು. ಅಮೆರಿಕದ ರಾಬರ್ಟ್ ಫ್ಲಾಹರ್ಟಿ ಹಿಮನಾಡಿನ ಬೇಟೆಗಾರನೊಬ್ಬನ ಜೀವನವನ್ನು ಮನಮುಟ್ಟುವಂತೆ ತೋರಿಸಿದರು. ಆದರೆ ಆ ಜನರು ಆ ವೇಳೆಗಾಗಲೇ ಬಂದೂಕು ಬಳಸುತ್ತಿದ್ದರೂ ಚಿತ್ರದಲ್ಲಿ ಅವರ ಕೈಗೆ ಹಳೆಯ ಈಟಿಯೇ ಬಂತು. ಒಳಗೆ ಬೆಳಕು ಸಾಲದೆಂದು ಹಿಮದ ಮನೆಯನ್ನು ಅರ್ಧ ಮಾತ್ರ ಕಟ್ಟಲಾಯಿತು. ನಾನೂಕ್ ಎಂಬುದು ಕೂಡ ಆ ಬೇಟೆಗಾರನ ನಿಜವಾದ ಹೆಸರಲ್ಲ.

ಹೊರಗಿನವರ ಚಿತ್ರಗಳು ತಮ್ಮ ಬಡತನವನ್ನೇ ಜಗತ್ತಿಗೆ ಸಾರುತ್ತಿವೆ ಎಂಬ ಕೊರಗು ಅಮೆರಿಕದ ಕೆಂಟಕಿಯ ಕಲ್ಲಿದ್ದಲು ಬೆಟ್ಟಗಳ ಜನರನ್ನೂ ಕಾಡಿತು. 1967ರಲ್ಲಿ ಅಲ್ಲಿ ಗಣಿ ಕಾರ್ಮಿಕರನ್ನು ಚಿತ್ರಿಸುತ್ತಿದ್ದ ಕೆನಡಾದ ನಿರ್ದೇಶಕ ಹ್ಯೂ ಓಕಾನರ್ ಅವರನ್ನು ಆ ಜಾಗದ ಒಡೆಯನು ಗುಂಡಿಟ್ಟು ಕೊಂದನು. ಈ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ. ಎರಡು ವರ್ಷಗಳ ಬಳಿಕ, 1969ರಲ್ಲಿ, ಅದೇ ಕೌಂಟಿಯ ವೈಟ್ಸ್‌ಬರ್ಗ್ ಪಟ್ಟಣದಲ್ಲಿ ಆ್ಯಪಲ್‌ಶಾಪ್ ಎಂಬ ಕಾರ್ಯಾಗಾರ ಆರಂಭವಾಯಿತು. ಬೆಟ್ಟದೂರಿನ ತರುಣರೇ ಅಲ್ಲಿ ಕ್ಯಾಮರಾ ಹಿಡಿಯಲು ಕಲಿತು, ತಮ್ಮ ಗಣಿ, ಹಾಡು, ಕಸುಬುಗಳನ್ನು ಚಿತ್ರಿಸಿದರು. ಓಕಾನರ್ ಅವರ ಕೊಲೆಯನ್ನು ಕುರಿತ ‘ಸ್ಟ್ರೇಂಜರ್ ವಿತ್ ಎ ಕ್ಯಾಮರಾ’ ಎಂಬ ಚಿತ್ರವನ್ನು 2000ದಲ್ಲಿ ಹೊರತಂದವರೂ ಇವರೇ. ತಮ್ಮವರು ಮಾಡಿದ ಕೊಲೆಯನ್ನು ಮುಚ್ಚಿಡದೆ ತಾವೇ ಪರಿಶೀಲಿಸಿದ್ದು ದೊಡ್ಡ ಮಾತು.

ಗೊರೇಬಾಳದ ಸೀಮೆಯಲ್ಲಿ ಇಂಥ ಕೆಲಸಕ್ಕೆ ವಸ್ತುವಿನ ಕೊರತೆಯಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು, ಮುಂದೆ ಎಡದಂಡೆ ಕಾಲುವೆಯ ನೀರು ಹರಿದಾಗ, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ನೆಲೆಸಿದ ‘ಕ್ಯಾಂಪು’ಗಳು ಎದ್ದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ನೆಲೆ ದೊರೆಯಿತು. ನೀರು ಸಿರಿಯನ್ನು ತಂದಿತು. ಹಲವೆಡೆ ಭೂಮಿಗೆ ಸವುಳನ್ನೂ ತಂದಿತು. ಅಷ್ಟು ಕಡಿಮೆ ಕಾಲದಲ್ಲಿ ಒಂದು ನಾಡಿನ ಊಟ, ದುಡಿಮೆ, ಮಾತುಗಳು ಇಷ್ಟೊಂದು ಬದಲಾದುದಕ್ಕಿಂತ ದೊಡ್ಡ ಚಾರಿತ್ರಿಕ ಘಟನೆ ಬೇರೆ ಬೇಕೆ? ಅಣೆಕಟ್ಟು ಮುಗಿದ ವರ್ಷದಲ್ಲಿ ಹತ್ತು ವರ್ಷದವರಾಗಿದ್ದ ಮಕ್ಕಳು ಇಂದು ಎಂಬತ್ತನ್ನು ದಾಟಿದ್ದಾರೆ.

ಗಿರೀಶ ಕಾರ್ನಾಡರು 1972ರಲ್ಲಿ ದ. ರಾ. ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ ಕವಿ ಬದುಕಿದ್ದರು. ಅವರು 1981ರಲ್ಲಿ ತೀರಿಕೊಂಡರು. ಅಂದು ತಡಮಾಡಿದ್ದರೆ ನಷ್ಟ ಕನ್ನಡಕ್ಕೇ ಆಗುತ್ತಿತ್ತು. ಹೆಸರಾಂತ ಕವಿಗೆ ನಿರ್ದೇಶಕರು ದೊರೆಯುತ್ತಾರೆ. ಕಾಲುವೆ ತೋಡಿದ ಕೂಲಿಯವರಿಗೆ ಯಾರು ದೊರೆಯಬೇಕು? ಇಂದು ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೇ ಕ್ಯಾಮರಾ ಇರುವುದರಿಂದ ಹಣದ ಅಡಚಣೆ ಬಹುಮಟ್ಟಿಗೆ ನೀಗಿದೆ. ಊರಿನ ತರುಣರೇ ಈ ಕೆಲಸವನ್ನು ಕೈಗೊಳ್ಳಬೇಕು.

ಊರಿನವರ ಕಣ್ಣಿಗೂ ತನ್ನದೇ ಆದ ಪೊರೆಯುಂಟು. ಗೌಡರ ಮನೆಯ ಜಗುಲಿಯಲ್ಲಿ ಕುಳಿತು ಕೇಳಿದ ಕಥೆಯನ್ನೇ ಇಡೀ ಊರಿನ ಕಥೆಯೆಂದು ತೋರಿಸುವುದು ಸುಲಭ. ಚಿತ್ರ ತೆಗೆಯುವ ತರುಣನು ಕೇರಿಗೂ ಹೋಗಬೇಕು, ಕ್ಯಾಂಪಿಗೂ ಹೋಗಬೇಕು, ನಾಟಿ ಹಚ್ಚುವ ಹೆಂಗಸರನ್ನೂ ಮಾತನಾಡಿಸಬೇಕು. ಮೊದಲ ನೀರು ಯಾರ ಹೊಲವನ್ನು ಮುಟ್ಟಿತು, ಕಾಲುವೆಯ ಕೊನೆಯ ಹೊಲದವನಿಗೆ ಅದು ಎಷ್ಟು ತಡವಾಗಿ ಬಂತು, ಭೂಮಿಯನ್ನು ಯಾರು ಮಾರಿದರು, ಯಾರು ಕೊಂಡರು ಎಂದು ಕೇಳಬೇಕು. ಉತ್ತರವನ್ನು ಅವರ ಮಾತಿನಲ್ಲಿಯೇ, ಕತ್ತರಿಸದೆ ಕಾಪಿಡಬೇಕು.