ಹಳೆಯ ಪಿನ್‌ಬಾಲ್ ಯಂತ್ರ: ದುರಸ್ತಿಯೋ, ಬಿಡಿಭಾಗಗಳ ಮಾರಾಟವೋ?

ಮೊಳೆಗಳನ್ನು ಹೊಡೆದ ಮರದ ಹಲಗೆಯ ಮೇಲೆ ಉಕ್ಕಿನ ಗೋಲಿಯನ್ನು ಮೀಟಿ ಆಡುವ ಬ್ಯಾಗಟೆಲ್ ಆಟವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅದೇ ವಂಶಕ್ಕೆ ಸೇರಿದ ಪಿನ್‌ಬಾಲನ್ನು ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನ ತೆರೆಯ ಮೇಲೆ ಆಡಿದವರು ಅವರ ಅಣ್ಣಂದಿರಲ್ಲಿ, ಅಕ್ಕಂದಿರಲ್ಲಿ ಇದ್ದಾರು. ಆದರೆ ನಾಲ್ಕು ಕಾಲುಗಳ ಮೇಲೆ ನಿಂತು ಸುಮಾರು ನೂರು ಕಿಲೋಗ್ರಾಂ ತೂಗುವ ನಿಜವಾದ ಪಿನ್‌ಬಾಲ್ ಯಂತ್ರದ ತವರು ಅಮೆರಿಕದ ಷಿಕಾಗೋ ನಗರ. ಗುಂಡನ್ನು ಚಿಮ್ಮಿಸುವ ಸ್ಪ್ರಿಂಗಿನ ದಂಡಕ್ಕೆ ಮಾಂಟೇಗ್ ರೆಡ್‌ಗ್ರೇವನು ಹಕ್ಕುಪತ್ರ ಪಡೆದುದು 1871ರಲ್ಲಿ. 1931ರಲ್ಲಿ ಡೇವಿಡ್ ಗಾಟ್ಲೀಬನ 'ಬ್ಯಾಫಲ್ ಬಾಲ್' ಅಂಗಡಿ ಅಂಗಡಿಗಳನ್ನು ಹೊಕ್ಕಿತು. ಎರಡು ವರ್ಷಗಳ ತರುವಾಯ ಈ ಆಟಕ್ಕೆ ವಿದ್ಯುತ್ತು ಸೇರಿತು. 1947ರ 'ಹಂಪ್ಟಿ ಡಂಪ್ಟಿ'ಯಲ್ಲಿ ಗುಂಡನ್ನು ಹಿಂದಕ್ಕೆ ಹೊಡೆಯುವ ಫ್ಲಿಪ್ಪರ್ ಎಂಬ ಪುಟ್ಟ ತೋಳುಗಳು ಬಂದುವು.

ಅಂದಿನ ಅನೇಕ ಯಂತ್ರಗಳು ಇಂದು ನೆಲಮಾಳಿಗೆಗಳಲ್ಲಿಯೂ ಕಾರುಷೆಡ್ಡುಗಳಲ್ಲಿಯೂ ಧೂಳು ತಿನ್ನುತ್ತ ಬಿದ್ದಿವೆ. ಅಂತಹುದೊಂದು ಕೈಗೆ ಬಂದಾಗ ಅದನ್ನು ದುರಸ್ತಿ ಮಾಡಬೇಕೋ, ಅಥವಾ ಬಿಚ್ಚಿ ಬಿಡಿಭಾಗಗಳನ್ನಾಗಿ ಮಾರಬೇಕೋ ಎಂಬ ಚರ್ಚೆ ಯಂತ್ರಪ್ರಿಯರಲ್ಲಿ ಹಿಂದಿನಿಂದಲೂ ನಡೆದಿದೆ.

ಮಾರುವವನ ವಾದವನ್ನು ಮೊದಲು ಕೇಳೋಣ. ಕೆಟ್ಟು ನಿಂತ ಯಂತ್ರಕ್ಕೆ ಇಡಿಯಾಗಿ ಬರುವ ಬೆಲೆಗಿಂತ ಬಿಡಿಯಾಗಿ ಹೆಚ್ಚು ಹಣ ಬರುವುದುಂಟು. ಹಿಂಬದಿಯ ಚಿತ್ರದ ಗಾಜನ್ನು ಗೋಡೆಗೆ ತೂಗುಹಾಕಲು ಕೊಳ್ಳುವವರೇ ಇದ್ದಾರೆ. ದುರಸ್ತಿಗೆ ತಗಲುವ ದಿನಗಳಿಗೆ ಕೂಲಿ ಕಟ್ಟಿದರೆ ಲೆಕ್ಕವೇ ಕೂಡುವುದಿಲ್ಲ. ಅಷ್ಟೇ ಅಲ್ಲ, ಒಂದನ್ನು ಬಿಚ್ಚಿದರೆ ಮತ್ತೆ ನಾಲ್ಕು ಬದುಕುತ್ತವೆ. ಲಾಸ್ ವೇಗಾಸಿನ ಪಿನ್‌ಬಾಲ್ ಹಾಲ್ ಆಫ್ ಫೇಮಿನಂತಹ ಸಂಗ್ರಹಾಲಯದಲ್ಲಿ ಬಂದವರು ನಾಣ್ಯ ಹಾಕಿ ಆಡುತ್ತಾರೆ. ಆಡಿದ ಯಂತ್ರ ಸವೆಯುತ್ತದೆ. ಸವೆದ ಭಾಗ ಎಲ್ಲಿಂದಲಾದರೂ ಬರಲೇಬೇಕು. ಇದೆಲ್ಲವೂ ದಿಟ. ಮಾರುವವರನ್ನೆಲ್ಲ ಲೋಭಿಗಳೆಂದು ಹಳಿಯುವವರೊಡನೆ ನಾವು ದನಿಗೂಡಿಸಲಾರೆವು.

ಆದರೂ ನಮ್ಮ ಅಭಿಮತ ಬೇರೆ. ಅದಕ್ಕೆ ಕಾರಣ ಯಂತ್ರದ ಹೊಟ್ಟೆಯೊಳಗಿದೆ.

1970ರ ದಶಕದ ಕೊನೆಯ ಭಾಗದವರೆಗೆ ಈ ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ ಗಣಕವಿರಲಿಲ್ಲ. ಲೆಕ್ಕವನ್ನೆಲ್ಲ ರಿಲೇಗಳೂ ಚಿಕ್ಕದೊಂದು ಮೋಟರೂ ಮಾಡುತ್ತಿದ್ದುವು. ಗುಂಡು ಐವತ್ತು ಅಂಕದ ಗುರಿಗೆ ತಗುಲಿತೆನ್ನಿ. ಯಂತ್ರಕ್ಕೆ ಐವತ್ತು ಎಂದರೇನೆಂದು ತಿಳಿಯದು. ಅದು ಬಲ್ಲುದು ಹತ್ತನ್ನು ಮಾತ್ರ. ಗುರಿಯ ಸ್ವಿಚ್ಚು ಕ್ಷಣಮಾತ್ರ ಕೂಡಿ ಬಿಡುತ್ತದೆ. ಆ ಕ್ಷಣದಲ್ಲಿ ಒಂದು ರಿಲೇ ಸೆಳೆಯಲ್ಪಟ್ಟು, ತನ್ನದೇ ಮತ್ತೊಂದು ಸಂಪರ್ಕದ ಮೂಲಕ ತನಗೆ ತಾನೇ ಪ್ರವಾಹವನ್ನು ಒದಗಿಸಿಕೊಂಡು, ಗುಂಡು ಹೊರಟುಹೋದ ಮೇಲೆಯೂ ಸಂಗತಿಯನ್ನು ನೆನಪಿನಲ್ಲಿ ಹಿಡಿದಿಡುತ್ತದೆ. ಮೋಟರು ತಿರುಗತೊಡಗುತ್ತದೆ, ಅದರ ಉಬ್ಬುತಗ್ಗಿನ ಚಕ್ರಗಳು ಐದು ಬಾರಿ ಪ್ರವಾಹವನ್ನು ಹಾಯಿಸಿ, ಬಳಿಕ ರಿಲೇಯನ್ನು ಬಿಡುಗಡೆ ಮಾಡುತ್ತವೆ. ಹತ್ತರ ಸ್ಥಾನದ ಅಂಕಿಯ ಉರುಳೆ ಐದು ಹೆಜ್ಜೆ ಸರಿಯುತ್ತದೆ. ಗಂಟೆ ಐದು ಸಲ ಬಡಿಯುತ್ತದೆ. ಉರುಳೆ ಒಂಬತ್ತನ್ನು ದಾಟುವಾಗ ನೂರರ ಉರುಳೆಯೂ ಒಂದು ಹೆಜ್ಜೆ ಇಡುತ್ತದೆ. ನಾವು ಬಾಲ್ಯದಲ್ಲಿ ಬೆರಳು ಮಡಿಸಿ ಕಲಿತ 'ದಶಕ' ಇದೇ. ಗುಣಾಕಾರವೆಂದರೆ ಮತ್ತೆ ಮತ್ತೆ ಕೂಡುವುದೆಂಬುದನ್ನು ಕಣ್ಣಿಂದ ಕಾಣಲೂ ಕಿವಿಯಿಂದ ಕೇಳಲೂ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾವು ಅರಿಯೆವು.

ಫ್ಲಿಪ್ಪರಿನ ಯುಕ್ತಿಯೂ ನೋಡತಕ್ಕುದು. ಗುಂಡನ್ನು ಹೊಡೆಯಲು ಬಲವಾದ ಸೆಳೆತ ಬೇಕು. ಆದರೆ ಅಷ್ಟು ಪ್ರವಾಹ ಹೆಚ್ಚು ಹೊತ್ತು ಹರಿದರೆ ತಂತಿಸುರುಳಿ ಸುಟ್ಟುಹೋದೀತು. ಆದುದರಿಂದ ಒಂದೇ ಸುರುಳಿಯಲ್ಲಿ ಕಡಿಮೆ ರೋಧದ ದಪ್ಪ ತಂತಿಯನ್ನೂ ಹೆಚ್ಚು ರೋಧದ ತೆಳು ತಂತಿಯನ್ನೂ ಸುತ್ತಿರುತ್ತಾರೆ. ತೋಳು ಮೇಲೇರಿದೊಡನೆ ಅದೇ ಒಂದು ಸ್ವಿಚ್ಚನ್ನು ತೆರೆಯುತ್ತದೆ. ಅಲ್ಲಿಂದ ಮುಂದೆ ಪ್ರವಾಹ ತೆಳು ತಂತಿಯನ್ನೂ ಹಾದುಹೋಗಬೇಕಾಗುತ್ತದೆ. ಪ್ರವಾಹ ಇಳಿಯುತ್ತದೆ, ತೋಳು ಎತ್ತಿದಂತೆಯೇ ನಿಲ್ಲುತ್ತದೆ. ಓಮನ ನಿಯಮವನ್ನು ಪರೀಕ್ಷೆಗೆಂದು ಉರುಹೊಡೆದ ವಿದ್ಯಾರ್ಥಿಗೆ ಇದನ್ನೊಮ್ಮೆ ತೋರಿಸಬೇಕು!

ಈಗ ಇಂತಹ ಯಂತ್ರವನ್ನು ಬಿಚ್ಚಿದರೇನಾಗುವುದು? ರಿಲೇ ಒಬ್ಬನ ಬಳಿ, ಸುರುಳಿ ಮತ್ತೊಬ್ಬನ ಬಳಿ, ಗಾಜು ಗೋಡೆಯ ಮೇಲೆ. ಭಾಗಗಳಾವುವೂ ನಾಶವಾಗಲಿಲ್ಲ, ಆದರೆ ಐವತ್ತನ್ನು ಎಣಿಸುತ್ತಿದ್ದ ವಸ್ತು ಮಾತ್ರ ಎಲ್ಲಿಯೂ ಇಲ್ಲ. ಅದು ಇದ್ದುದು ಭಾಗಗಳನ್ನು ಬೆಸೆದಿದ್ದ ನೂರಾರು ಬಣ್ಣದ ತಂತಿಗಳ ಕಟ್ಟಿನಲ್ಲಿ. ಸುರುಳಿ, ರಬ್ಬರು ಉಂಗುರ, ದೀಪಗಳು ಇಂದೂ ಹೊಸದಾಗಿ ದೊರೆಯುತ್ತವೆ. ಹೆಸರಾಂತ ಮಾದರಿಗಳಿಗೆ ಚಿತ್ರದ ಗಾಜನ್ನೂ ಆಟದ ಹಲಗೆಯನ್ನೂ ಮರಳಿ ಮಾಡಿಕೊಡುವವರಿದ್ದಾರೆ. ಕತ್ತರಿಸಿದ ತಂತಿಯ ಕಟ್ಟನ್ನು ಮರಳಿ ಹೊಲಿಯುವವರು ವಿರಳ. ಆದ ಕಾರಣ, ತಂತಿಯ ಕಟ್ಟು ಇಡಿಯಾಗಿ ಉಳಿದಿರುವ ಯಂತ್ರವನ್ನು, ಅದು ಎಷ್ಟೇ ಕೊಳಕಾಗಿರಲಿ, ಬಿಚ್ಚಿ ಮಾರಬಾರದೆಂದು ನಾವು ಹೇಳುತ್ತೇವೆ. ತನಗೆ ದುರಸ್ತಿ ಆಗದಿದ್ದರೆ, ಹಣ ಕಡಿಮೆ ಬಂದರೂ, ಇಡಿಯಾಗಿಯೇ ಇನ್ನೊಬ್ಬನಿಗೆ ದಾಟಿಸಲಿ.

ಸತ್ತಂತೆ ಕಾಣುವ ಇಂತಹ ಯಂತ್ರದ ರೋಗ ಬಹುಮಟ್ಟಿಗೆ ಸಣ್ಣದು. ಸ್ವಿಚ್ಚಿನ ತುದಿಗಳಿಗೆ ಕಿಲುಬು ಹಿಡಿದಿರುತ್ತದೆ, ಇಲ್ಲವೆ ಹೆಜ್ಜೆ ಎಣಿಸುವ ಚಕ್ರಗಳಲ್ಲಿ ಹಳೆಯ ಗ್ರೀಸು ಅಂಟಾಗಿ ಗಟ್ಟಿಯಾಗಿರುತ್ತದೆ. ತೆಳು ಅರ, ಸ್ವಲ್ಪ ಸ್ಪಿರಿಟ್ಟು, ಮಂಡಲದ ನಕ್ಷೆ, ಇವೆಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ ಬೇಕು. (ಮನೆಯ ವಿದ್ಯುತ್ತು ಒಳಬರುವ ಹಳೆಯ ತಂತಿಯನ್ನು ಮಾತ್ರ ಬಲ್ಲವರೇ ಮುಟ್ಟತಕ್ಕುದು.) ತರುವಾಯದ ಎಲೆಕ್ಟ್ರಾನಿಕ್ ಯಂತ್ರಗಳ ಶತ್ರು ಬೇರೆ: ಫಲಕದ ಮೇಲಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತದೆ. ಅಲ್ಲಿ ಫಲಕವನ್ನು ಬದಲಿಸಿದರೆ ನಮ್ಮ ಆಕ್ಷೇಪಣೆಯಿಲ್ಲ.

ಈ ಯಂತ್ರಗಳು ಮೊದಲೇ ಒಮ್ಮೆ ಸುತ್ತಿಗೆಯ ಏಟು ತಿಂದಿವೆ. ಜೂಜಿನ ಸಾಧನವೆಂದು 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ಇವನ್ನು ನಿಷೇಧಿಸಿ ಸಾವಿರಾರನ್ನು ಒಡೆಸಿದನು. ಗುಂಡು ತಾನು ಹೇಳಿದ ದಾರಿಯಲ್ಲಿಯೇ ಹೋಗುವುದೆಂದು ರೋಜರ್ ಷಾರ್ಪ್ ನಗರಸಭೆಯವರ ಎದುರು ಆಡಿ ತೋರಿಸಿದ 1976ರಲ್ಲಿ ಆ ನಿಷೇಧ ತೆರವಾಯಿತು.

ಇನ್ನು ನೆರೆಯಲ್ಲಿ ನೆನೆದು ಹಲಗೆ ಸೀಳಿದ, ಇಲಿಗಳು ತಂತಿಗಳನ್ನು ಕಡಿದುಹಾಕಿದ ಯಂತ್ರಗಳೂ ಉಂಟು. ಅವನ್ನು ಬಿಚ್ಚಲಿ, ಮಾರಲಿ. ಹೆಜ್ಜೆ ಎಣಿಸುವ ಚಕ್ರದಂತಹ ಭಾಗ ಬೇಕಾದವರು ಅಲ್ಲಿಂದಲೇ ಪಡೆಯಬೇಕಾಗಿದೆ. ಆದರೆ ಕತ್ತರಿ ಹಾಕುವ ಮೊದಲು ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬುದರ ಚಿತ್ರಗಳನ್ನು ತೆಗೆದಿಡಲಿ. ಪೆಟ್ಟಿಗೆಯ ತಳದಲ್ಲಿ ಮಡಿಕೆ ಹರಿದ ನಕ್ಷೆಯೇನಾದರೂ ಸಿಕ್ಕಿದರೆ ಅದರ ಪ್ರತಿ ಮಾಡಿಕೊಂಡು, ಅದೇ ಮಾದರಿಯ ಮತ್ತೊಂದು ಯಂತ್ರವನ್ನು ಎದುರಿಗಿಟ್ಟುಕೊಂಡು ಕುಳಿತವನಿಗೆ ಕಳುಹಿಸಲಿ.