ಬಾಗಿಲು ಇರೋದು ಲಿಂಗನಮಕ್ಕಿಯಲ್ಲಿ, ನೀವು ಕೂಗ್ತಿರೋದು ಜೋಗದ ಕೆಳಗೆ

1/5
ಫೋಟೋ ಹೊನ್ನೆಮರಡುವಿನದು. ಶರಾವತಿ ಹಿನ್ನೀರು, ದಡದಲ್ಲಿ ತೆಪ್ಪ, ಫೋನಲ್ಲಿ ಒಂದೇ ಕಡ್ಡಿ ಸಿಗ್ನಲ್. ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕ್ಕೊಂಡ ನಮ್ಮ ಕ್ಲಾಸಿನವರಿಗೆ ಈಗ ಒಂದು ಹೊಸ ಮಂತ್ರ ಸಿಕ್ಕಿದೆ: "ಸಿಸ್‌ಕಂಟ್ರೋಲ್ ಫೈಲಿಗೆ ಈ ಹತ್ತು ಸಾಲು ಪೇಸ್ಟ್ ಮಾಡು, ಬಿಬಿಆರ್ ಆನ್ ಮಾಡು, ಡೌನ್‌ಲೋಡ್ ಹಾರುತ್ತೆ." ಹಾರಲ್ಲ ಮಾರಾಯ್ರೆ!

2/5
ಟಿಸಿಪಿಯಲ್ಲಿ ಎಷ್ಟು ವೇಗವಾಗಿ ಡೇಟಾ ಬಿಡಬೇಕು ಅಂತ ಲೆಕ್ಕ ಹಾಕೋದು ಕಳಿಸುವ ಕಡೆಯವರು. ಕಂಜೆಶನ್ ಕಂಟ್ರೋಲ್ ಅಂದ್ರೆ ಅದೇ. ಲಿನಕ್ಸಿನ ಡೀಫಾಲ್ಟ್ ಆದ ಕ್ಯೂಬಿಕ್, ಪ್ಯಾಕೆಟ್ ಕಳೆದುಹೋದ್ರೆ ದಾರಿ ತುಂಬಿದೆ ಅಂದ್ಕೊಂಡು ವೇಗ ಇಳಿಸುತ್ತೆ. 2016ರಲ್ಲಿ ಗೂಗಲ್ ತಂದ ಬಿಬಿಆರ್ ದಾರಿಯ ಅಗಲ, ಹೋಗಿಬರೋ ಸಮಯ ಎರಡನ್ನೂ ಅಳೆದು ಕಳಿಸುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಿ ಅದನ್ನ ಆನ್ ಮಾಡಿದ್ರೆ ಬದಲಾಗೋದು ನೀವು ಅಪ್‌ಲೋಡ್ ಮಾಡೋದು ಮಾತ್ರ. ಡೌನ್‌ಲೋಡಿನ ಬಾಗಿಲು ಸರ್ವರ್ ಕೈಲಿದೆ. ಜೋಗದ ಕೆಳಗೆ ನಿಂತು ಎಷ್ಟು ಕೂಗಿದ್ರೂ ಲಿಂಗನಮಕ್ಕಿ ಗೇಟ್ ತೆಗೆಯುತ್ತಾ?

3/5
ಪೇಸ್ಟ್ ಮಾಡೋದ್ರಿಂದ ಏನೂ ಆಗದಿದ್ರೆ ನಕ್ಕು ಸುಮ್ಮನಿರಬಹುದಿತ್ತು. ಆದ್ರೆ ಆ ಹತ್ತು ಸಾಲಲ್ಲಿ ಎಷ್ಟೋ ಸಲ "ಟಿಡಬ್ಲ್ಯು ರೀಸೈಕಲ್" ಅನ್ನೋದೂ ಇರುತ್ತೆ. ಅದನ್ನ ಸರ್ವರಲ್ಲಿ ಹಾಕಿದ್ರೆ, ಒಂದೇ ಐಪಿ ವಿಳಾಸದ ಹಿಂದೆ ಇರೋ ಹಲವು ಫೋನುಗಳಲ್ಲಿ ಕೆಲವಕ್ಕೆ ಕನೆಕ್ಷನ್ನೇ ಸಿಗ್ತಿರಲಿಲ್ಲ. ಮೊಬೈಲ್ ಡೇಟಾ ಬಳಸೋರು ಹೆಚ್ಚಾಗಿ ಹಾಗೇ ಇರೋದು. ಅದಕ್ಕೇ 2017ರಲ್ಲಿ, ಲಿನಕ್ಸ್ 4.12ರಲ್ಲಿ, ಆ ಸೌಲಭ್ಯವನ್ನೇ ಕಿತ್ತುಹಾಕಿದ್ರು. ವಿಡಿಯೋಗಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ!

4/5
"ಹಾಗಾದ್ರೆ ಟವರ್ ಕೇಳೋದು ಬೇಡ್ವಾ?" ಖಂಡಿತ ಬೇಕು. ಇಲ್ಲದ ಸಿಗ್ನಲ್ಲನ್ನ ಯಾವ ಸೆಟ್ಟಿಂಗೂ ಹುಟ್ಟಿಸಲ್ಲ. "ನಿಮ್ಮ ಸೆಟ್ಟಿಂಗ್ ಸರಿ ಮಾಡ್ಕೊಳ್ಳಿ" ಅಂತ ಪೇಟೆಯವರು ನಮಗೆ ಬುದ್ಧಿ ಹೇಳಿದ್ರೆ ಒಪ್ಪಬೇಡಿ. ಆದ್ರೆ ಟವರ್ ಬಂದ ಮೇಲೂ ಎರಡನೇ ಬಾಗಿಲೊಂದು ಉಳಿಯುತ್ತೆ: ಸರ್ವರ್.

5/5
ನಾಳೆ ಬೆಂಗಳೂರಿಗೆ ಹೋಗಿ ಆ ಸರ್ವರ್ ಮುಂದೆ ಕೂರೋರು ನೀವೇ. ಆಫೀಸಿನ ಫೈಬರಲ್ಲಿ "ಓಡ್ತಿದೆ" ಅಂದು ಕೈತೊಳ್ಕೋಬೇಡಿ. ಲಿನಕ್ಸಲ್ಲೇ ನೆಟ್‌ಎಮ್ ಇದೆ. 300 ಮಿಲಿಸೆಕೆಂಡ್ ವಿಳಂಬ, ನೂರಕ್ಕೆ ಎರಡು ಪ್ಯಾಕೆಟ್ ನಷ್ಟ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ. ಮೊದಲು ಅಳೀರಿ, ಆಮೇಲೆ ಮತ್ತೆ ಅಳೀರಿ. ಯಾವ ಸಾಲು ಏನು ಮಾಡುತ್ತೆ ಅಂತ ನಿಮ್ಮ ಬಾಯಲ್ಲೇ ಹೇಳೋಕೆ ಬರದಿದ್ರೆ ಅದನ್ನ ಮುಟ್ಟಬೇಡಿ.

ಹಿನ್ನೀರಿನ ಆಚೆ ದಡದಲ್ಲಿ ಯಾರೋ ಅಜ್ಜಿ ಪಹಣಿ ಪೇಜ್ ತೆರೆಯೋಕೆ ಕಾಯ್ತಿರ್ತಾರೆ. ಅವರಿಗೆ ಸಿಸ್‌ಕಂಟ್ರೋಲ್ ಗೊತ್ತಿರಬೇಕಾಗಿಲ್ಲ. ನಿಮಗೆ ಗೊತ್ತಿರಬೇಕು.

ಒಪ್ಪಲ್ವಾ? ಅಳೆದ ಲೆಕ್ಕ ಇಟ್ಕೊಂಡು ಕಮೆಂಟಿಗೆ ಬನ್ನಿ.

#ಹೊನ್ನೆಮರಡು #ಸಾಗರ #ಲಿನಕ್ಸ್ #ಟಿಸಿಪಿ