ತಟ್ಟೆಯಲ್ಲಿ ನಿಂತ ಆಲದ ಮರ

ಮೈಸೂರು ನೋಡಿ ಬಂದವರನ್ನು ಸ್ವಲ್ಪ ಮಾತಾಡಿಸಿ ನೋಡಿ. ಅರಮನೆ ಆಯಿತು, ಮೃಗಾಲಯ ಆಯಿತು, ಚಾಮುಂಡಿ ಬೆಟ್ಟ ಆಯಿತು, ಸಂಜೆಗೆ ಬೃಂದಾವನದ ಕಾರಂಜಿಯೂ ಆಯಿತು. ಊರಿಗೆ ಬಂದ ಮೇಲೆ ಎರಡು ದಿನ ಕಾಲಿಗೆ ಎಣ್ಣೆ ತಿಕ್ಕಿಕೊಂಡದ್ದೂ ಆಯಿತು! ಅದರಲ್ಲೂ ನಾವು ಹೆಂಗಸರು ಹೋದರೆ ನೋಡಿದ್ದಕ್ಕಿಂತ ಕಾದದ್ದೇ ಹೆಚ್ಚು. ಒಂದು ಕೈಯಲ್ಲಿ ಪುಳಿಯೋಗರೆ ಡಬ್ಬಿ, ಇನ್ನೊಂದು ಕೈಯಲ್ಲಿ ನೀರಿನ ಬಾಟ್ಲಿ, ಕಣ್ಣು ಪೂರಾ ಮಕ್ಕಳ ಮೇಲೆ. ತೋಟ ಹೇಗಿತ್ತು ಅಂತ ಯಾರಾದರೂ ಕೇಳಿದರೆ 'ಚೆನ್ನಾಗಿತ್ತು' ಅನ್ನುತ್ತೇವೆ, ಅಷ್ಟೆ.

ಬೃಂದಾವನವನ್ನು ನಾನು ಹಳಿಯುತ್ತಿಲ್ಲ, ಸೋದರಿಯರೇ. ಸರ್ ಮಿರ್ಜಾ ಇಸ್ಮಾಯಿಲ್‌ರವರು ದಿವಾನರಾಗಿದ್ದ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿಸಿದ ಆ ತೋಟದ ಸೊಬಗೇ ಬೇರೆ. ಅದು ಸಡಗರದ ತೋಟ. ಈ ಸಲ ನಾನು ಹೇಳಹೊರಟಿರುವುದು ಸುಮ್ಮನೆ ಕುಳಿತು ನೋಡಬೇಕಾದ ತೋಟದ ವಿಷಯ.

ಜಪಾನೀಯರ ತೋಟಗಳ ಚಿತ್ರ ನೀವೂ ನೋಡಿರಬಹುದು. ಅಲ್ಲಿ ಹೂವಿನ ಆರ್ಭಟ ಕಡಿಮೆ. ಒಂದಿಷ್ಟು ಕಲ್ಲು, ಒಂದಿಷ್ಟು ನೀರು, ಪಾಚಿ, ಒಂದು ಪುಟ್ಟ ಸೇತುವೆ, ಬೇಕಾದಷ್ಟೇ ಹಸಿರು. ಕ್ಯೋಟೋ ನಗರದ ರ್‍ಯೋಆನ್‌ಜಿ ದೇವಾಲಯದಲ್ಲಿ ಬಿಳಿ ಜಲ್ಲಿ ಹರಡಿ ನಡುನಡುವೆ 15 ಕಲ್ಲುಗಳನ್ನು ಇಟ್ಟ ಅಂಗಳವೊಂದಿದೆ. ಜಗಲಿಯ ಮೇಲೆ ಎಲ್ಲಿ ಕುಳಿತರೂ ಒಂದು ಕಲ್ಲಾದರೂ ಮರೆಯಾಗಿಬಿಡುತ್ತದೆ. ಹದಿನೈದೂ ಒಟ್ಟಿಗೆ ಕಾಣುವುದಿಲ್ಲ. ಇಂಥ ತೋಟಗಳನ್ನು ಮಾಡಿದ ಜನರೇ ಬೋನ್ಸಾಯ್ ಕಲೆಯನ್ನೂ ಬೆಳೆಸಿದರು. ಮೂಲದಲ್ಲಿ ಅದು ಚೀನಾದಿಂದ ಬಂದದ್ದು. ಬೋನ್ ಅಂದರೆ ತಟ್ಟೆಯಂಥ ಕುಂಡ, ಸಾಯ್ ಅಂದರೆ ನೆಡುವುದು. ತಟ್ಟೆಯಲ್ಲಿ ನೆಟ್ಟ ಮರ ಅಂತ ಅರ್ಥ ಮಾಡಿಕೊಂಡರೆ ಸಾಕು.

ಅಂಥ ಮರಗಳ ತೋಟ ನಮ್ಮ ಮೈಸೂರಿನಲ್ಲೇ ಇದೆ. ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ಊಟಿ ರಸ್ತೆ ಅಂತಲೂ ಅದನ್ನೇ ಕರೆಯುತ್ತಾರೆ, ಶ್ರೀ ಗಣಪತಿ ಸಚ್ಚಿದಾನಂದ ಆಶ್ರಮವಿದೆ. ಅದರ ಆವರಣದಲ್ಲಿ 'ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನ'. ಅರಮನೆಯಿಂದ ಕೆಲವೇ ಕಿಲೋಮೀಟರು. ಅಲ್ಲೇ ಪಕ್ಕದಲ್ಲಿ ಗಿಳಿಗಳನ್ನು ಸಾಕುವ ಶುಕವನವೂ ಇರುವುದರಿಂದ ಮಕ್ಕಳು ಹಠ ಮಾಡುವ ಭಯವಿಲ್ಲ. ತೋಟ ತೆರೆಯುವುದು ನಿಗದಿಯಾದ ವೇಳೆಯಲ್ಲಿ ಮಾತ್ರ, ವಾರಕ್ಕೊಂದು ರಜೆಯೂ ಉಂಟು. ಮೊದಲೇ ವಿಚಾರಿಸಿಕೊಂಡು ಹೊರಡಿ.

ಒಳಗೆ ಕಾಲಿಟ್ಟೊಡನೆ ಮೊದಲು ಗಮನಕ್ಕೆ ಬರುವುದು ಅಳತೆ. ನಮ್ಮೂರ ಕಟ್ಟೆಯ ಮೇಲಿನ ಅಶ್ವತ್ಥ, ಹೊಲದ ಬದುವಿನ ಆಲ, ಅತ್ತಿ, ಇವೆಲ್ಲ ಮೊಣಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ನಿಂತಿವೆ. ಕಾಂಡ ಗಂಟುಗಂಟಾಗಿ ಮುದುಕರ ಕೈಯ ಹಾಗೆ. ಆಲಕ್ಕೆ ಬಿಳಲೂ ಇದೆ! ರಾಶಿ, ನಕ್ಷತ್ರಗಳಿಗೆ ಹೊಂದುವ ಗಿಡಗಳನ್ನು ಗುಂಪಾಗಿ ಜೋಡಿಸಿದ್ದಾರೆ. ಕೃತ್ತಿಕೆಗೆ ಅತ್ತಿ, ರೋಹಿಣಿಗೆ ನೇರಳೆ, ಪುಷ್ಯಕ್ಕೆ ಅಶ್ವತ್ಥ, ಮಖೆಗೆ ಆಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಮನೆಮಂದಿಯ ನಕ್ಷತ್ರ ನೆನಪಿಸಿಕೊಂಡು ಒಂದೊಂದೇ ಗಿಡ ಹುಡುಕುತ್ತಾ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅವಸರ ಮಾತ್ರ ಬೇಡಿ. ಒಂದು ಮರದ ಮುಂದೆ ಐದು ನಿಮಿಷ ನಿಲ್ಲಿ. ಸ್ವಲ್ಪ ಬಗ್ಗಿ, ಇರುವೆಯ ಕಣ್ಣಿಂದ ನೋಡಿದ ಹಾಗೆ ಕೆಳಗಿನಿಂದ ಮೇಲಕ್ಕೆ ನೋಡಿ. ಆಗ ಅದು ದೊಡ್ಡ ಮರವಾಗಿಯೇ ಕಾಣುತ್ತೆ.

ನಾನು ಹೋದದ್ದು ನಮ್ಮ ಓರಗಿತ್ತಿಯೊಂದಿಗೆ. ಅವರು ನನಗಿಂತ ಹಿರಿಯರು, ಅಕ್ಕ ಅಂತಲೇ ಕರೆಯುವುದು. ಅರಸೀಕೆರೆಯಲ್ಲಿದ್ದಾರೆ. ನಮ್ಮತ್ತೆಯವರು ಪಾರ್ಶ್ವವಾಯುವಾಗಿ ಒಂಬತ್ತು ವರ್ಷ ಅವರ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. ಹೋದ ವರ್ಷ ತೀರಿಕೊಂಡರು. ಆಮೇಲಿಂದ ಎಲ್ಲರೂ ಅಕ್ಕನಿಗೆ ಹೇಳುವುದು ಒಂದೇ ಮಾತು: 'ಇನ್ನು ನಿಮಗೇನು, ಹಾಯಾಗಿ ಓಡಾಡಿಕೊಂಡಿರಿ.' ಅಕ್ಕನಿಗೋ ಕೈಕಾಲೇ ಆಡದು. ಬೆಳಿಗ್ಗೆ ಐದಕ್ಕೆ ಎದ್ದು ಬಿಸಿನೀರು ಕಾಯಿಸಿ ಸುಮ್ಮನೆ ನಿಂತುಬಿಡುತ್ತಿದ್ದರಂತೆ. 'ಒಂಬತ್ತು ವರ್ಷ ಏನು ಮಾಡಿದೆ ಅಂದ್ರೆ ತೋರಿಸೋಕೆ ಒಂದು ಚೂರೂ ಇಲ್ಲ ಕಣೇ' ಅಂತ ಬಸ್ಸಿನಲ್ಲಿ ನನ್ನ ಹತ್ತಿರ ಅಂದಿದ್ದರು.

ತೋಟದಲ್ಲಿ ಒಬ್ಬಾತ ಗಿಡಗಳಿಗೆ ನೀರು ಹಾಕುತ್ತಿದ್ದ. ಸುಮ್ಮನೆ ಪೈಪು ಹಿಡಿದದ್ದಲ್ಲ. ಒಂದೊಂದು ಕುಂಡದ ಮಣ್ಣನ್ನೂ ಬೆರಳಿನಿಂದ ಮುಟ್ಟಿ ನೋಡಿ, ಬೇಕಾದದ್ದಕ್ಕೆ ಮಾತ್ರ ಹಾಕುತ್ತಿದ್ದ. ಅಕ್ಕ ಅವನ ಹಿಂದೆಯೇ ಹೋದರು.

'ದಿನಾ ಹಾಕಬೇಕೇನಪ್ಪಾ?'

'ದಿನಾ ಅಮ್ಮಾ. ಬೇಸಿಗೆಯಲ್ಲಿ ಎರಡು ಸಲ. ತಟ್ಟೆಯಲ್ಲಿ ಮಣ್ಣೆಷ್ಟಿರುತ್ತೆ ಹೇಳಿ.'

'ನೀನು ಬರದೇ ಇದ್ದ ದಿನ?'

'ಇನ್ನೊಬ್ಬರು ಬರ್ತಾರೆ. ನಮಗೆ ರಜಾ ಇರುತ್ತೆ, ಗಿಡಕ್ಕೆ ರಜಾ ಇಲ್ವಲ್ಲ.'

ಅಕ್ಕ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಳಿತರು. ಅರ್ಧ ಗಂಟೆ ಏಳಲಿಲ್ಲ. ನಾನೂ ಪಕ್ಕದಲ್ಲಿ ಕುಳಿತೆ.

ನಾವು ತೋಟಕ್ಕೆ ಹೋಗಿ 'ಆಹಾ, ಎಷ್ಟು ನೆಮ್ಮದಿಯಾಗಿದೆ' ಅಂತೀವಿ. ಆ ನೆಮ್ಮದಿ ತಾನಾಗಿ ಬಂದದ್ದಲ್ಲ. ಬೆಳಗಾಗುವ ಮೊದಲೇ ಯಾರೋ ಉದುರಿದೆಲೆ ಗುಡಿಸಿರುತ್ತಾರೆ, ಮಣ್ಣು ಮುಟ್ಟಿ ನೋಡಿರುತ್ತಾರೆ, ಬೇಡದ ಚಿಗುರು ಚಿವುಟಿರುತ್ತಾರೆ. ಚೆನ್ನಾಗಿ ಮಾಡಿದ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಗಿಡ ಮಾತ್ರ ಕಾಣುತ್ತೆ. ಮನೆಯಲ್ಲೂ ಹೀಗೇ ಅಲ್ಲವೇ? ಒಂಬತ್ತು ವರ್ಷ ಮಲಗಿದ್ದ ನಮ್ಮತ್ತೆಯವರ ಬೆನ್ನಿನ ಮೇಲೆ ಒಂದು ಹಾಸಿಗೆ ಹುಣ್ಣಿರಲಿಲ್ಲ. ತೋರಿಸಲು ಏನೂ ಇಲ್ಲ ಅಂದ ಅಕ್ಕನಿಗೆ ನಾನು ಅದನ್ನೇ ಹೇಳಿದೆ.

ಈ ಮಾತಿಗೆ ಹೊಂದುವ ಕಥೆಯೊಂದು ದೂರದ ದೇಶದಲ್ಲೂ ಇದೆ. ಜಪಾನಿನ ಹಿರೋಷಿಮಾದಲ್ಲಿ ಯಾಮಾಕಿ ಅನ್ನುವ ಮನೆತನದವರು ಬೋನ್ಸಾಯ್ ಬೆಳೆಸುತ್ತಿದ್ದರು. ಅವರ ಬಳಿ ಒಂದು ಬಿಳಿ ಪೈನ್ ಮರ. 1625ರಿಂದ ಕುಂಡದಲ್ಲಿ ಬೆಳೆಸಿಕೊಂಡು ಬಂದದ್ದು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದ ಜಾಗಕ್ಕೂ ಆ ಮನೆಗೂ ಸುಮಾರು ಮೂರು ಕಿಲೋಮೀಟರು. ಕಿಟಕಿಯ ಗಾಜುಗಳೆಲ್ಲ ಒಡೆದುಹೋದವು. ಎತ್ತರದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು, ಮನೆಯವರೂ ಉಳಿದರು. 1976ರಲ್ಲಿ ಅದೇ ಮರವನ್ನು ಅಮೆರಿಕಾಕ್ಕೆ ಸ್ನೇಹದ ಕಾಣಿಕೆಯಾಗಿ ಕೊಟ್ಟರು. ಬಾಂಬಿನ ವಿಷಯ ಅಲ್ಲಿಯವರಿಗೆ ಗೊತ್ತಾದದ್ದೇ 2001ರಲ್ಲಿ, ಆ ಮನೆಯ ಮೊಮ್ಮಕ್ಕಳು ಅಜ್ಜನ ಮರ ನೋಡಲು ಹೋದಾಗ. ವಾಷಿಂಗ್ಟನ್ನಿನಲ್ಲಿ ಅದು ಇಂದಿಗೂ ಹಸಿರಾಗಿದೆ. ಸುಮಾರು ನಾನೂರು ವರ್ಷ! ಯುದ್ಧ ನಡೆದ ವರ್ಷಗಳಲ್ಲೂ ಮದುವೆ ನಡೆದ ದಿನಗಳಲ್ಲೂ ಸಾವಾದ ದಿನಗಳಲ್ಲೂ ಯಾರೋ ಒಬ್ಬರು ಅದಕ್ಕೆ ನೀರು ಹಾಕಿದ್ದಾರೆ. ಒಬ್ಬರಿಂದ ಇದು ಆಗುವ ಕೆಲಸವಲ್ಲ. ಕೈಯಿಂದ ಕೈಗೆ ದಾಟಿ ಬಂದದ್ದು.

'ಪಾಪ, ದೊಡ್ಡದಾಗಬೇಕಾದ ಮರವನ್ನು ಹೀಗೆ ಕತ್ತರಿಸಿ ಹಿಂಸೆ ಕೊಡೋದು ಸರಿಯೇ?' ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬೋನ್ಸಾಯ್ ಬೇರೆ ಜಾತಿಯ ಕುಳ್ಳ ಗಿಡವಲ್ಲ, ಮಾಮೂಲಿ ಮರವೇ. ನೆಲಕ್ಕಿಟ್ಟರೆ ಎತ್ತರ ಬೆಳೆಯುತ್ತೆ. ಎಲೆ ಚಿಕ್ಕದಾಗಬಹುದು, ಹಣ್ಣು ಮಾತ್ರ ಚಿಕ್ಕದಾಗುವುದಿಲ್ಲ. ನಿಂಬೆಯ ಬೋನ್ಸಾಯಿಯಲ್ಲಿ ಬಿಡುವುದು ಉಪ್ಪಿನಕಾಯಿಗೆ ಬರುವಂಥ ನಿಂಬೆಯೇ. ನಾವು ದಿನಾ ಕುಡಿಯುವ ಟೀ ಸೊಪ್ಪು ಕೂಡ ಮರವಾಗಬೇಕಾದ ಗಿಡದ್ದು. ಸವರಿ ಸವರಿ ಸೊಂಟದೆತ್ತರಕ್ಕೆ ನಿಲ್ಲಿಸಿರುತ್ತಾರೆ. ಮಲ್ಲಿಗೆಯನ್ನು ಸವರದಿದ್ದರೆ ಹೂವೇ ಕಡಿಮೆ. ಸವರುವುದು ಹಿಂಸೆಯಲ್ಲ, ಸವರಿ, ತಟ್ಟೆಗೆ ಹಾಕಿ, ಆಮೇಲೆ ನೀರು ಮರೆಯುವುದು ಹಿಂಸೆ. ಬೇರು ಕತ್ತರಿಸಿದವರ ಮೇಲೆ ಆ ಗಿಡದ ಹೊಣೆ ಪೂರ್ತಿ ಬೀಳುತ್ತೆ. ಅಷ್ಟು ಧೈರ್ಯವಿದ್ದರೆ ಮಾತ್ರ ಮನೆಯಲ್ಲಿ ಒಂದು ಮಾಡಿನೋಡಿ.

ದುಡ್ಡು ಕೊಟ್ಟು ತರಬೇಕಾದ್ದಿಲ್ಲ. ಮಳೆಗಾಲ ಕಳೆದ ಮೇಲೆ ಬಾವಿಕಟ್ಟೆಯಲ್ಲಿ, ತಾರಸಿಯ ಬಿರುಕಿನಲ್ಲಿ ಆಲವೋ ಗೋಣಿಯೋ ಅಶ್ವತ್ಥವೋ ಹುಟ್ಟಿಕೊಂಡಿರುತ್ತೆ. ಬಿಟ್ಟರೆ ಗೋಡೆ ಸೀಳುತ್ತೆ. ಕಿತ್ತು ಬಿಸಾಡೋಣವೆಂದರೆ ಅಶ್ವತ್ಥ ಕಿತ್ತ ಪಾಪದ ಭಯ! ಅಂಥದ್ದನ್ನೇ ಬೇರು ಹರಿಯದಂತೆ ಬಿಡಿಸಿಕೊಳ್ಳಿ.

ಮೊದಲ ಎರಡು ಮೂರು ವರ್ಷ ಮಾಮೂಲಿ ಹೂಕುಂಡದಲ್ಲೇ ಇರಲಿ. ಕಾಂಡ ದಪ್ಪವಾಗಬೇಕು. ಉದ್ದುದ್ದ ಹೋಗುವ ಚಿಗುರು ಚಿವುಟುತ್ತಿರಿ.

ಆಮೇಲೆ ಮಳೆಗಾಲದ ಶುರುವಿನಲ್ಲಿ ಗಿಡ ತೆಗೆದು, ನೇರ ಇಳಿದ ತಾಯಿಬೇರನ್ನು ಚೂಪು ಕತ್ತರಿಯಿಂದ ಕತ್ತರಿಸಿ ಅಗಲವಾದ ಕುಂಡಕ್ಕೆ ಹಾಕಿ. ಸುತ್ತಲ ಸಣ್ಣ ಬೇರುಗಳು ಉಳಿಯಬೇಕು. ಕುಂಡದ ತಳದಲ್ಲಿ ತೂತಿರಲೇಬೇಕು. ತೂತಿನ ಮೇಲೆ ಸೊಳ್ಳೆಪರದೆಯ ತುಂಡು ಹಾಕಿದರೆ ಮಣ್ಣು ಹೋಗುವುದಿಲ್ಲ.

ಕೆಮ್ಮಣ್ಣು, ಕಡಲೆಕಾಳಿನಷ್ಟು ಪುಡಿ ಮಾಡಿದ ಇಟ್ಟಿಗೆ ಚೂರು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಮೂರೂ ಸಮಸಮ. ನೀರು ನಿಲ್ಲಬಾರದು, ಸರಾಗವಾಗಿ ಇಳಿದುಹೋಗಬೇಕು.

ಕೊಂಬೆ ಬಗ್ಗಿಸಬೇಕಾದರೆ ತಂತಿ ಸುತ್ತಬಹುದು. ತೊಗಟೆಗೆ ಕಚ್ಚಿಕೊಳ್ಳುವ ಮೊದಲೇ ಬಿಚ್ಚಿಬಿಡಿ. ಎರಡು ಮೂರು ವರ್ಷಕ್ಕೊಮ್ಮೆ ಗಿಡ ತೆಗೆದು, ಸುತ್ತಿಕೊಂಡ ಬೇರನ್ನು ಮೂರನೇ ಒಂದು ಪಾಲಿನಷ್ಟು ಸವರಿ ಹೊಸ ಮಣ್ಣು ಕೊಡಿ.

ಗಿಡವನ್ನು ಟೀವಿಯ ಮೇಲೋ ಷೋಕೇಸಿನಲ್ಲೋ ಇಡಬೇಡಿ. ಅದಕ್ಕೆ ಬಿಸಿಲು, ಗಾಳಿ ಬೇಕು. ಬೋನ್ಸಾಯ್ ಇಟ್ಟ ಮನೆಯ ಏಳಿಗೆಯೂ ಕುಗ್ಗುತ್ತೆ ಅಂತ ಹೇಳುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮನೆಯ ಹಿರಿಯರಿಗೆ ಬೇಸರವಾಗುವುದಾದರೆ ಜಗಳ ಬೇಡ; ಹೇಗೂ ಗಿಡ ಇರಬೇಕಾದದ್ದು ಹೊರಗೇ ತಾನೇ!

ಇನ್ನೊಂದು ಮಾತು, ಇದು ಗಿಡಕ್ಕಿಂತ ಮುಖ್ಯವಾದದ್ದು. ನಿಮ್ಮ ನೆಂಟರಲ್ಲೋ ಅಕ್ಕಪಕ್ಕದಲ್ಲೋ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಣ್ಣುಮಗಳು ಒಬ್ಬಳಾದರೂ ಇರುತ್ತಾಳೆ. 'ಪುಣ್ಯವಂತೆ, ನಿನ್ನಂಥ ಸೊಸೆ ಸಿಗಬೇಕಲ್ಲ' ಅಂತ ಹೊಗಳಿ, ಕಾಫಿ ಕುಡಿದು ಎದ್ದು ಬರಬೇಡಿ. 'ಬರುವ ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಾನಿರ್ತೀನಿ, ನೀನು ಎಲ್ಲಾದರೂ ಹೋಗಿ ಬಾ' ಅಂತ ದಿನ ಗೊತ್ತುಮಾಡಿ ಹೇಳಿ. ಔಷಧ ಎಷ್ಟು ಹೊತ್ತಿಗೆ, ಗಂಜಿ ಎಷ್ಟು ತೆಳ್ಳಗೆ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮನೆಯ ಗಂಡಸರೂ ಆ ಚೀಟಿ ಓದಲಿ. ತೋಟದ ಮಾಲಿಗಳಿಗೆ ಸರದಿ ಇರುವಾಗ ಮನೆಯಲ್ಲಿ ಏಕಿರಬಾರದು?

ಅಕ್ಕನ ಬಾವಿಕಟ್ಟೆಯಲ್ಲಿ ಒಂದು ಗೋಣಿಸಸಿ ಇತ್ತು. ಈಗ ಅದು ಕುಂಡದಲ್ಲಿದೆ, ತಟ್ಟೆಗೆ ಬರಲು ಇನ್ನೂ ಎರಡು ಮಳೆಗಾಲ ಬೇಕು. ಹೋದ ತಿಂಗಳು ನಮ್ಮೂರಿನ ಮದುವೆಗೆ ಬಂದಾಗ ನಾಲ್ಕು ದಿನ ಇದ್ದರು. ಒಂಬತ್ತು ವರ್ಷದಲ್ಲಿ ಒಂದು ಮದುವೆಗೂ ಬಂದವರಲ್ಲ. 'ಗಿಡಕ್ಕೆ ನೀರು?' ಅಂದೆ. 'ಪಕ್ಕದ ಮನೆ ಹುಡುಗಿಗೆ ಹೇಳಿ ಬಂದಿದೀನಿ. ಬೆರಳಿಟ್ಟು ನೋಡಿ ಹಾಕು ಅಂತ ತೋರಿಸಿಕೊಟ್ಟಿದೀನಿ' ಅಂದರು.